ಕುತ್ತಿಗೆಯ ಕಾಯಿಲೆಗೆ ಕಣ್ಣಿನ ಮದ್ದು

ನನ್ನ ಗಂಡ ಮುರ್ಡೇಶ್ವರದ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಮದುವೆಗೆ ಮೊದಲು ಆರೇಳು ವರ್ಷ ಮುಂಬೈಯ ಹೋಟೆಲುಗಳಲ್ಲಿ ದುಡಿದವರು. ಆ ವರ್ಷಗಳ ಬಗ್ಗೆ ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಐವತ್ತೇಳು ದಾಟಿದ ವರ್ಷ ಅವರ ಎಡಗಣ್ಣು ಮಂಜಾಯಿತು. ಹುಬ್ಬಿನ ಮೇಲೆ ಹಲ್ಲುನೋವಿನಂಥ ಒಂದು ನೋವು ಬೇರೆ. ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಕುಮಟಾದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೆದರು. ಒಳಗಿನ ರಕ್ತನಾಳಗಳು ಸೋರುತ್ತಿವೆ, ಉರಿಯೂತ ಇರಬಹುದು ಅಂದರು. ಕಾರಣ ಹುಡುಕಲು ಒಂದಷ್ಟು ರಕ್ತಪರೀಕ್ಷೆ ಬರೆದರು. "ಇಂಥ ಕಣ್ಣಿಗೆ ಎಲ್ಲರಿಗೂ ಮಾಡಿಸೋದೇ" ಎಂದೂ ಹೇಳಿದರು.

ಆ ಮಾತು ನನ್ನ ಕಿವಿಯಲ್ಲಿ ನಿಲ್ಲಲಿಲ್ಲ. ಲ್ಯಾಬಿನ ಹುಡುಗಿ ಚೀಟಿಯನ್ನು ಗಟ್ಟಿಯಾಗಿ ಓದಿದಳು: ಟಿಬಿ, ಸಿಫಿಲಿಸ್, ಎಚ್‌ಐವಿ. ಬೆಂಚಿನಲ್ಲಿ ಕೂತ ನಾಲ್ಕು ಜನ ಒಟ್ಟಿಗೆ ತಲೆ ಎತ್ತಿದರು. ನಾನು ಗಂಡನಿಂದ ಒಂದು ಗೇಣು ಆಚೆ ಸರಿದೆ.

ಬಸ್ಸಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆಯಲ್ಲಿ ಮುಂಬೈಯ ಆ ವರ್ಷಗಳೆಲ್ಲ ತುಂಬಿಹೋಗಿದ್ದವು. ನೋಡದ ಕೋಣೆಗಳು, ನೋಡದ ಹೆಂಗಸರು. ಅವರು ಕುಡಿದಿಟ್ಟ ಲೋಟವನ್ನು ಎರಡೇ ಬೆರಳಲ್ಲಿ ಎತ್ತಿದೆ. ಟವೆಲನ್ನು ಬೇರೆ ಬಕೆಟ್ಟಿಗೆ ಹಾಕಿದೆ. ಆ ದಿನದಿಂದ ಹಾಸಿಗೆಯನ್ನೂ ಬೇರೆ ಮಾಡಿದೆ, ಸೊಂಟನೋವಿನ ನೆಪ ಹೇಳಿ.

ನಾಲ್ಕು ದಿನದಲ್ಲಿ ರಿಪೋರ್ಟು ಬಂತು. ಒಂದು ರೋಗವೂ ಇರಲಿಲ್ಲ. ಆದರೆ ಹೇಸಿಗೆ ಒಮ್ಮೆ ಅಂಟಿಕೊಂಡ ಮೇಲೆ ಕಾಗದ ನೋಡಿ ಬಿಡುವಂಥದ್ದಲ್ಲ. ಟೆಸ್ಟು ತಪ್ಪಾಗಿರಬಹುದಲ್ಲ ಎಂದುಕೊಂಡೆ.

ಉರಿಯೂತಕ್ಕೆಂದು ಸ್ಟೀರಾಯ್ಡ್ ಗುಳಿಗೆ ಶುರುವಾಯಿತು. ಅವರ ಮುಖ ಊದಿ ಗುಂಡಗಾಯಿತು. ಮೊದಲೇ ಇದ್ದ ಸಕ್ಕರೆ ಕಾಯಿಲೆ ಕೈಮೀರಿತು. ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ಮೀನಿನ ಸಾರನ್ನು ಸೊರಸೊರ ಹೀರುತ್ತ, ಬೆವರುತ್ತ ಉಣ್ಣುವುದನ್ನು ನೋಡಿದರೆ ನನಗೆ ವಾಕರಿಕೆ ಬರುತ್ತಿತ್ತು. ಬಾಗಿಲ ಆಚೆ ನಿಂತು ಬಡಿಸುತ್ತಿದ್ದೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಯಿತು.

"ಬಿಸಿಲಿಗೆ ಹೋದ್ರೆ ಎಲ್ಲ ಬೆಳ್ಳಗೆ ಆಗ್ತದೆ ಮಾರಾಯ್ತಿ. ಒಳಗೆ ಬಂದ್ರೂ ಸುಮಾರು ಹೊತ್ತು ಕಾಣೂದಿಲ್ಲ. ಮಲಗಿದ್ರೆ ನೋವು ಕಮ್ಮಿ" ಅನ್ನುತ್ತಿದ್ದರು.

"ಮಲಗಿಯೇ ಇರಿ. ಕೆಲಸ ತಪ್ಪಿಸೂಕೆ ನೆಪ ಎಂತಕ್ಕೆ?" ಅಂದಿದ್ದೆ.

ಒಂದು ಬೆಳಿಗ್ಗೆ ಮತ್ತೆ ಕುಮಟಾಕ್ಕೆ ಹೊರಟಿದ್ದೆವು. ಹೊನ್ನಾವರದಲ್ಲಿ ಬಸ್ ಬದಲಿಸಲು ಇಳಿದಾಗ ಅವರ ಬಲಗೈಯಿಂದ ಫೈಲು ಜಾರಿ ಬಿತ್ತು. ಎತ್ತಲು ಬಗ್ಗಿದರು, ಬೆರಳು ಹಿಡಿಯಲೇ ಇಲ್ಲ. ನಾಲಿಗೆಯೂ ತೊದಲಿತು. ಜನ ಕುಡುಕನನ್ನು ನೋಡುವ ಹಾಗೆ ನೋಡಿದರು. ನನಗೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಐದು ನಿಮಿಷದಲ್ಲಿ ಕೈ ಸರಿಯಾಯಿತು. ಪಕ್ಕದ ರಸ್ತೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು, ಕಣ್ಣಿನವರಲ್ಲ. ಅಲ್ಲಿಗೆ ನಡೆಸಿಕೊಂಡು ಹೋದೆ.

ಬಿಸಿಲು, ಮಲಗಿದರೆ ಇಳಿಯುವ ನೋವು, ಜಾರಿದ ಫೈಲು, ಎಲ್ಲವನ್ನೂ ಅವರು ಕೂತು ಕೇಳಿದರು. ಆಮೇಲೆ ಸ್ಟೆತಸ್ಕೋಪನ್ನು ಕುತ್ತಿಗೆಯ ಎಡಕ್ಕೆ ಒತ್ತಿ ಹಿಡಿದರು. ಅದನ್ನು ನನ್ನ ಕಿವಿಗೂ ಕೊಟ್ಟರು. "ಕೇಳ್ತದಾ?"

ಸೊಂಯ್, ಸೊಂಯ್. ಹಿಂಡಿ ಹಿಡಿದ ಪೈಪಿನಲ್ಲಿ ನೀರು ನುಗ್ಗುವ ಸದ್ದು.

"ಇಲ್ಲಿನ ರಕ್ತನಾಳ ಮುಚ್ಚುತ್ತ ಬಂದಿದೆ ಅಮ್ಮ. ಕಣ್ಣಿಗೆ ರಕ್ತವೇ ಸಾಲ್ತಾ ಇಲ್ಲ. ಫೋಟೋದಲ್ಲಿ ನೋಡಿದ್ರೆ ಉರಿಯೂತದ ಹಾಗೇ ಕಾಣ್ತದೆ. ಈಗ ಕೈಗೆ ಆದದ್ದು ಪಾರ್ಶ್ವವಾಯುವಿನ ಮುನ್ಸೂಚನೆ. ಇವತ್ತೇ ಮಂಗಳೂರಿಗೆ ಹೋಗಿ."

ಸ್ಕ್ಯಾನು ಅದನ್ನೇ ಹೇಳಿತು. ಆಪರೇಷನ್ ಆಯಿತು. ನಾಳದೊಳಗಿಂದ ತೆಗೆದದ್ದನ್ನು ಸರ್ಜನ್ ಚಿಕ್ಕ ಬಾಟಲಿಯಲ್ಲಿ ತೋರಿಸಿದರು: ಎಣ್ಣೆ ಬಾಣಲೆಯ ಅಡಿ ಕೆರೆದಂತೆ ಹಳದಿ, ಗಟ್ಟಿ. ನರ್ಸ್ ಮುಖ ತಿರುಗಿಸಿದಳು. ನಾನು ನೋಡುತ್ತಲೇ ನಿಂತೆ. ಅಸಹ್ಯವಾದದ್ದು ಅದಲ್ಲ, ನಾನು. ಮೂರು ತಿಂಗಳು ಪಕ್ಕದಲ್ಲೇ ಇದ್ದು, ಆ ಮನುಷ್ಯ ಹೇಳಿದ ಒಂದು ಮಾತನ್ನೂ ಕೇಳದವಳು.

ಮನೆಗೆ ಬಂದ ವಾರ ಅವರೇ ಮಾತು ತೆಗೆದರು. "ನೀ ಎಂತ ಎಣಿಸಿದ್ದೆ ಅಂತ ನಂಗೆ ಆ ಲ್ಯಾಬಿನಲ್ಲೇ ಗೊತ್ತಾಗಿತ್ತು."

"ಮತ್ತೆ ಎಂತಕ್ಕೆ ಸುಮ್ಮನಿದ್ರಿ?"

"ಹಂಗಲ್ಲ ಅಂತ ಹೇಳಿದ್ರೆ ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ಹಾಗಂತ ಹೇಳಿಯೇಬಿಟ್ಟೆ. ಅವರು ತಲೆಯಾಡಿಸಿ, ಅನ್ನಕ್ಕೆ ಇನ್ನೊಂದು ಸೌಟು ಸಾರು ಕೇಳಿದರು. ಪಕ್ಕದಲ್ಲೇ ಕೂತು ಬಡಿಸಿದೆ.

ಅವರ ಬಲಗಣ್ಣು ಚೆನ್ನಾಗಿದೆ, ಕೈಯೂ. ಎಡಗಣ್ಣಿಗೆ ಲೇಸರ್ ಮಾಡಿದರೂ ಎದುರು ಆಡಿಸಿದ ಕೈಯ ನೆರಳಷ್ಟೇ ಗೊತ್ತಾಗುತ್ತದೆ. ಈಗ ಲಾಡ್ಜಿಗೆ ಅರ್ಧ ದಿನ ಹೋಗುತ್ತಾರೆ. ರಸ್ತೆಯಲ್ಲಿ ನಾನು ಅವರ ಎಡಕ್ಕೆ ನಡೆಯುತ್ತೇನೆ.