ಇಂದುಮತಿಬಾಯಿ ಸಹಾನುಭೂತಿ ಕಲಿತು ಬಂದದ್ದು

ಸಾತಾರಾ ಕಡೆಯ ಹದಿನಾಲ್ಕು ಸರ್ಕಾರಿ ಶಾಲೆಗಳ ಮೇಲ್ವಿಚಾರಕಿ ಇಂದುಮತಿಬಾಯಿ ಜಗದಾಳೆಯವರ ಮುಂದೆ ಯಾರೂ ತಮ್ಮ ಕಷ್ಟವನ್ನು ಪೂರ್ತಿ ಹೇಳಿ ಮುಗಿಸಿದ್ದಿಲ್ಲ. ತಲೆನೋವು ಎಂದರೆ ಅವರು ತಮ್ಮ ಪಿತ್ತಕೋಶದ ಆಪರೇಷನ್ನಿನ ಕಥೆ ತೆಗೆಯುತ್ತಿದ್ದರು. ಅತ್ತೆಯ ಕಾಟ ಎಂದವಳಿಗೆ ತಮ್ಮ ಅತ್ತೆಯ ಜೊತೆಗೆ ಅತ್ತೆಯ ಅತ್ತೆಯ ಕಥೆಯನ್ನೂ ಬಡಿಸುತ್ತಿದ್ದರು. ಅವರ ಸ್ಕೂಟಿಯ ಸದ್ದು ಕೇಳಿದರೆ ಸಾಕು, ಶಿಕ್ಷಕರ ರೋಗಗಳೆಲ್ಲ ತಾವಾಗಿಯೇ ವಾಸಿಯಾಗುತ್ತಿದ್ದವು.

ಇಂಥವರನ್ನು ಹುಡುಕಿ ಇಲಾಖೆ ಹೊಸ ಶಿಕ್ಷಕರ ಮಾರ್ಗದರ್ಶಕಿಯನ್ನಾಗಿ ಮಾಡಿತು. ಎರಡು ದಿನ ತರಬೇತಿ. ಮಾರ್ಗದರ್ಶಕರು ತಮ್ಮ ಕಥೆ ಹೇಳಕೂಡದು, ತಲೆಯಾಡಿಸಬೇಕು, ಎದುರಿನವರ ಮಾತನ್ನೇ ಮೆಲ್ಲಗೆ ತಿರುಗಿಸಿ ಹೇಳಬೇಕು ಎಂದು ಪುಣೆಯಿಂದ ಬಂದ ತಜ್ಞರು ಅಪ್ಪಣೆ ಕೊಡಿಸಿದರು. ಊಟಕ್ಕೆ ಶ್ರೀಖಂಡ ಪೂರಿ ಇದ್ದುದರಿಂದ ಯಾರೂ ಪ್ರಶ್ನೆ ಕೇಳಲಿಲ್ಲ.

ಮೊದಲ ಪ್ರಯೋಗ, ಒಂದು ದಿನ ಶಾಲೆ ಬಿಟ್ಟ ಮೇಲೆ, ಕರಂಜವಾಡಿ ಶಾಲೆಯ ಪ್ರಣಾಲಿಯ ಮೇಲೆ ನಡೆಯಿತು. ದೂರದ ಭಂಡಾರಾದಿಂದ ಬಂದ ಇಪ್ಪತ್ನಾಲ್ಕರ ಹುಡುಗಿ. ನಾಲ್ಕು ತರಗತಿಗೆ ಒಬ್ಬಳೇ ಶಿಕ್ಷಕಿ. ಅವಳ ಆ ಕಡೆಯ ಮರಾಠಿ ಕೇಳಿ ಮಕ್ಕಳು ನಗುತ್ತಿದ್ದರು. ಹಿಂದಿನ ದಿನ ತಾಳ್ಮೆ ಕೆಟ್ಟು ಎರಡನೇ ತರಗತಿಯ ಒಂದು ಮಗುವಿನ ಕೆನ್ನೆಗೆ ಹೊಡೆದಿದ್ದಳು. ಅದನ್ನು ಹೇಳುತ್ತಾ ಅತ್ತುಬಿಟ್ಟಳು.

"ನಾ ಟೀಚರ್ ಆಗಾಕ ಲಾಯಕ್ಕಿಲ್ಲ ಮ್ಯಾಡಮ್."

ಇಂದುಮತಿಬಾಯಿಯ ನಾಲಿಗೆ ತುದಿಯಲ್ಲಿ ಕಥೆಗಳು ಸಾಲುಗಟ್ಟಿ ನಿಂತಿದ್ದವು. ಎಲ್ಲವನ್ನೂ ನುಂಗಿದರು. ತಲೆಯಾಡಿಸಿ, ಕಲಿತ ಪಾಠವನ್ನು ಒಪ್ಪಿಸಿದರು.

"ಅಂದ್ರ, ನೀ ಲಾಯಕ್ಕಿಲ್ಲ."

"ಹೌದಲ್ರೀ," ಎಂದಳು ಪ್ರಣಾಲಿ. "ನಿಮಗೂ ಹಂಗ ಅನಿಸ್ತು." ಕಣ್ಣೊರೆಸಿಕೊಂಡು ಚೀಲದಿಂದ ರಾಜೀನಾಮೆ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಶನಿವಾರದ ಬಸ್ಸಿಗೆ ಹೊರಡುವವಳಿದ್ದಳು.

ತಮ್ಮ ಬಾಯಿಂದ ಬಂದದ್ದೇನೆಂದು ಇಂದುಮತಿಬಾಯಿಗೆ ಆಗ ಹೊಳೆಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಎರಡು ದಿನದ ಶ್ರೀಖಂಡಕ್ಕೆ ಹೋದೀತೇ? ಪತ್ರವನ್ನು ಪಕ್ಕಕ್ಕೆ ಸರಿಸಿ ತಮ್ಮ ಕಥೆ ಶುರು ಮಾಡಿಯೇಬಿಟ್ಟರು.

"ಒಂದ ಏಟಿಗೆ ಇಷ್ಟ ಅಳ್ತೀಯಲ್ಲವ್ವಾ, ನಂದು ಕೇಳು. ನೌಕರಿಗೆ ಸೇರಿ ಹನ್ನೊಂದನೇ ದಿನ ಸರಪಂಚನ ಮಗನಿಗೆ ಕಟ್ಟಿಗಿ ಪಟ್ಟಿಲೆ ಬಾಸುಂಡಿ ಬರೂಹಂಗ ಹೊಡದೆ. ಆಮ್ಯಾಲೆ ನಾನಽ ಸಾಮಾನಿನ ಖೋಲ್ಯಾಗ ಅಡಗಿ ಕುಂತು, ಗ್ವಾಡಿಗೆ ಹಾಕೂ ಮಹಾರಾಷ್ಟ್ರದ ಅರಿವಿ ನಕಾಶೆ ಸಿಕ್ತು, ಅದರಾಗ ಮುಖ ಒರಸ್ಕೋತ ಅತ್ತೆ. ಅಷ್ಟರಾಗ ಸಾಲಿ ತಪಾಸಣಿಗೆ ಅಂತ ಸಾಹೇಬ ಬಂದು ಬಾಗಿಲಾ ತಗದಾನ. ನನ್ನೂ ನೋಡ್ದ, ನಕಾಶೆನೂ ನೋಡ್ದ. 'ಈ ವರ್ಷ ಕೊಂಕಣದಾಗ ಮಳಿ ಭಾಳ ಆಗೇದ' ಅಂದವನಽ ಬಾಗಿಲಾ ಮುಂದ ಮಾಡಿ, ತಾನಽ ಹೋಗಿ ಸಂಜೀತನಕ ಮಕ್ಕಳಿಗೆ ಮಗ್ಗಿ ಹೇಳಿಸಿದ."

ಪ್ರಣಾಲಿ ಅಳುತ್ತಲೇ ನಕ್ಕಳು. ಆ ಹುಡುಗನ ಗತಿ ಏನಾಯಿತು ಎಂದು ಕೇಳಿದಳು. ಸಂಜೆ ಅವನ ಮನೆಗೆ ಹೋಗಿ ತಪ್ಪಾಯಿತೆಂದೆ, ಅವನವ್ವ ಮೊದಲು ಬೈದು ಆಮೇಲೆ ಪಿಠಲೆ ಭಾಕರಿ ಬಡಿಸಿದಳು ಎಂದರು ಇಂದುಮತಿಬಾಯಿ. ಆಮೇಲೆ ಎರಡನೆಯ ಕಥೆ, ಮೂರನೆಯ ಕಥೆ. ನಡುವೆ ಪ್ರಣಾಲಿಗೆ ಉಸಿರಾಡಲೂ ಬಿಡಲಿಲ್ಲ. ಕತ್ತಲಾದ ಮೇಲೆ ಇಬ್ಬರೂ ಏಟು ತಿಂದ ಮಗುವಿನ ಮನೆಗೆ ನಡೆದರು.

ಮೇಜಿನ ಮೇಲಿದ್ದ ಪತ್ರವನ್ನು ಪ್ರಣಾಲಿ ಆ ರಾತ್ರಿಯೇ ಒಲೆಗೆ ಹಾಕಿದಳು. ಮರುವಾರ ಇಲಾಖೆಯ ಫಾರಂ ಬಂದಾಗ, ಸುಳ್ಳು ಬರೆಯಲಾರದ ಹುಡುಗಿ ನಿಜವನ್ನೇ ತುಂಬಿದಳು. ಮಾರ್ಗದರ್ಶಕರು ತಾಳ್ಮೆಯಿಂದ ಆಲಿಸಿದರೇ? ಇಲ್ಲ. ನಿಮಗೆ ಮಾತಾಡಲು ಅವಕಾಶ ಕೊಟ್ಟರೇ? ಇಲ್ಲ. ತಮ್ಮ ಸ್ವಂತ ವಿಷಯ ಹೇಳಿದರೇ? ಹೌದು, ಮೂರು ತಾಸು.

ಸಹಾನುಭೂತಿಯಲ್ಲಿ ಜಿಲ್ಲೆಗೇ ಕೊನೆಯವರಾದ ಇಂದುಮತಿಬಾಯಿಗೆ ಮರುತರಬೇತಿಯ ಆದೇಶ ಬಂತು. ಶಿಕ್ಷಕಿ ಕೆಲಸದಲ್ಲಿ ಉಳಿದಳೇ ಎಂಬ ಪ್ರಶ್ನೆ ಮಾತ್ರ ಆ ನಾಲ್ಕು ಪುಟದ ಫಾರಂನಲ್ಲಿ ಎಲ್ಲಿಯೂ ಇರಲಿಲ್ಲ.