ಖಾಲಿ ತಿರುಗಿದ ಹಿಡಿ

ಮೊನ್ನೆ ನಮ್ಮ ಬಚ್ಚಲ ಒಡದು ಹೊಸಾದು ಮಾಡಾಕ ಬಂದಿದ್ದ ನಳದ ಕೆಲಸದಾಂವ, ಗ್ವಾಡ್ಯಾಗಿನ ಹಳೇ ನಳ ಕಿತ್ತು ನನ್ನ ಕೈಯಾಗ ಇಟ್ಟ. ಹಸೀ ಹಿತ್ತಾಳಿ ವಾಸನಿ. ಮೂಗಿಗೆ ಬಡದ ಕೂಡ್ಲೆ ಕಣ್ಣು ತಾವ ಮುಚ್ಚಿದುವು. ಊರಿಗೆಲ್ಲಾ ಚ್ಯಾಷ್ಟಿ ಮಾಡಿ ಮುದುಕ ಆದಾಂವ ನಾನು. ಬಚ್ಚಲಂದ್ರ ಹೆದರ್ತೇನಿ ಅಂದ್ರ ಯಾರು ನಂಬ್ತಾರ...

ಆಗ ರಾಣೇಬೆನ್ನೂರಾಗ ಒಬ್ರು ಚಾಚಾ ಇದ್ರು. ನಳ, ಪೈಪು ಮಾರೂ ಸಣ್ಣ ಅಂಗಡಿ ಅವರ್ದು. ಅವರು ಹೊಳಪು ನೋಡಿ ನಳ ಆರಸಾವ್ರಲ್ಲ. ಕಣ್ಣ ಮುಚ್ಚಿ ಅಂಗೈಯಾಗ ತೂಗ್ತಿದ್ರು, ಹಿಡಿ ತಿರುವಿ ಕಿವಿಗೆ ಹಿಡಕೊಂತಿದ್ರು, ಆಮ್ಯಾಲ ಅಂಗಡಿ ಕೀಲಿಕೈಲೆ ಒಂದು ಏಟು. ಠಣ್ ಅಂದ್ರ ಗಟ್ಟಿ ಮಾಲು. ಮಾರಿದ ಮ್ಯಾಲೂ ಸುಮ್ನಿರಾವ್ರಲ್ಲ. ಗಿರಾಕಿ ಮನೀಗೆ ಒಮ್ಮೆ ಹೋಗಿ, ಕೂಡಿಸಿದ ನಳದ ಸಪ್ಪಳ ಕೇಳಿ ಬಂದ್ರನ ಅವರಿಗೆ ಸಮಾಧಾನ.

ನಾನು ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ. ಹಂಡೇದ ಬಚ್ಚಲ ಕೆಡವಿದ್ದೆ. ಓಣ್ಯಾಗ ಮೊದಲನೇ ಷವರ್ ನಂದ ಆಗಬೇಕಂತ ಹಟ. ಅಂಗಡಿಗೆ ಹೋಗಾವ ಸುಮ್ನ ಹೋಗ್ತೇನೇನು? ಒಂದು ಹಗೂರ ನಳದ ಹೊಟ್ಟ್ಯಾಗ ಸೀಸದ ಗುಂಡು ತುರುಕಿ ಒಯ್ದೆ.

"ಚಾಚಾ, ಇದು ಹೆಂಗೈತಿ ಹೇಳ್ರಿ."

ತೂಗಿದ್ರು. ಕೀಲಿಕೈಲೆ ಬಡದ್ರು. ಥಪ್ ಅಂತು.

"ಸಾವ್ಕಾರ್ರ, ಪಾಪ ಇದಕ್ಕ ಅಜೀರ್ಣ ಆಗೇತಿ. ಏನ್ ತಿನಿಸೀರಿ?"

ಅಂಗಡ್ಯಾಗಿದ್ದವರೆಲ್ಲಾ ನಕ್ಕಿದ್ದೇ ನಕ್ಕಿದ್ದು. ನನ್ನ ಆಟ ನನಗ ತಿರುಗಿತ್ತು. ಆ ಸಿಟ್ಟಿನ್ಯಾಗ ನಾ ಇದ್ದಾಗ, ಚಾಚಾ ಉದ್ದ ಹಿಡೀದ ನಳ ಒಂದು ತಗದಿಟ್ರು. "ನಿಮ್ದು ಮೆಣಸಿನಕಾಯಿ ಕೈ. ಖಾರ ಹತ್ತಿರತೈತಿ, ಮ್ಯಾಲ ಸಾಬಾಣ. ಇದಾದ್ರ ಮೊಣಕೈಲೆ ತೆರೀಬೌದು."

"ದವಾಖಾನಿ ನಳ! ನಾ ಏನ್ ರೋಗಿ ಏನ್ರಿ?" ಅಂದೆ. ಅವರು ಬ್ಯಾಡಂದಿದ್ದನ್ನ ಬೇಕಂತ ಆರಿಸಿದೆ. ಫಳಫಳ ಹೊಳಿಯೂ ಗುಂಡನ ಹಿಡಿ. ಕೆಳಗಿನ ನಳಕ್ಕೂ ಮ್ಯಾಲಿನ ಷವರಿಗೂ ಅದೊಂದ. "ಹಗೂರೈತ್ರಿ..." ಅಂತ ಚಾಚಾ ಗೊಣಗಿದ್ದು ಕೇಳಿಸ್ತು. ಕೇಳಿಸದಾವ್ನಂಗ ಎದ್ದು ಬಂದೆ.

ಸುಗ್ಗಿ ಜೋರಿತ್ತು. ಒಂದಿನ ಮಧ್ಯಾಹ್ನ ಮೈಯೆಲ್ಲಾ ಕೆಂಪು ಧೂಳಾಗಿ ಮನೀಗೆ ಬಂದೆ. ಬಚ್ಚಲ ಹೊಕ್ಕು ಚಿಲಕ ಹಾಕ್ದೆ. ಷವರ್ ಇರುವಾಗ ಬಕೀಟ ಯಾಕಂತ ಅದನ್ನ ಮೊದಲ ಹೊರಗ ಒಗದಿದ್ದೆ, ನನ್ನ ಶಾಣ್ಯಾತನ! ಮೈ ತೋಯಿಸ್ಕೊಂಡೆ, ನೀರು ಬಂದ್ ಮಾಡಿ ಮಾರಿಗೆ ಸಾಬಾಣ ತಿಕ್ಕೊಂಡೆ. ಕೈಯಾಗಿನ ಖಾರ ಕಣ್ಣಿಗಿಳೀತು. ಕೆಂಡ ತುರುಕಿದಂಗ. ತಡವರಿಸಿ ಹಿಡಿ ತಿರುವಿದೆ. ಗಿರಗಿರ ತಿರಗ್ತು, ನೀರು ಬರ್ಲಿಲ್ಲ. ಮತ್ತ ತಿರುವಿದೆ. ಗಿರಗಿರ... ಒಳಗಿನ ಆಟಿ, ಹಿಡಿ ಕಚ್ಚೂ ಹಲ್ಲು, ಸವದು ಹೋಗಿತ್ತು. ಒಂದು ಹನಿ ಇಲ್ಲ.

"ಏ, ನೀರು ಕೊಡ! ಕಣ್ಣು ಹೋದುವು!" ಅಂತ ಒದರಿದೆ.

"ಕುಂದ್ರಿ ಸುಮ್ನ," ಅಂದ್ಲು ಮನಿಯಾಕಿ ಅಡಗಿ ಮನ್ಯಾಗಿಂದನ. "ಹೋದ ವಾರ ಹಾವು ಬಂತಂದ್ರಿ, ಅದರ ಹಿಂದಿನ ವಾರ ಕಾಲು ಮುರೀತಂದ್ರಿ. ಇವತ್ತ ಕಣ್ಣೇನು?"

ಒದರಿದಷ್ಟೂ ನಗತಾಳ. ಚಿಲಕ ಯಾವ ಕಡೆ ಅನ್ನೂದ ಮರ್ತು ಹೋತು. ನಾಕೂ ಗ್ವಾಡಿ ಒಂದ ಆದುವು. ಹಿಂಗ ಕುರುಡ ಆಗೇ ಉಳೀತೇನಿ, ನಾಳೆ ಯಾರರೆ ನನ್ನ ಕೈ ಹಿಡಿದು ಅಂಗಡಿಗೆ ಕರಕೊಂಡು ಹೋಗಬೇಕು ಅನ್ನಿಸಿ ಆ ಹಿಡಿ ತಿರುವೇ ತಿರುವಿದೆ. ಸಣ್ಣ ಹುಡುಗನಂಗ ಅಳಾಕ ಹತ್ತಿದ್ದೆ. ಅದಕ್ಕೂ ಆಕಿ ನಕ್ಲು.

ಅಷ್ಟರಾಗ ಹೊರಗ ಚಾಚಾನ ದನಿ. ನಳದ ಸಪ್ಪಳ ಕೇಳಾಕ ಅಂತ ಬಂದಿದ್ರು.

"ತಂಗೀ, ನಗಬ್ಯಾಡವಾ. ಆ ಸಪ್ಪಳ ಕೇಳು. ಹಿಡಿ ಖಾಲಿ ತಿರಗಾಕತ್ತೈತಿ. ಇದು ನಾಟಕ ಅಲ್ಲ."

ಆಕಿ ನಗು ಗಪ್ಪಂತ ನಿಂತು ಹೋತು. ಆಮ್ಯಾಲ ಬಾಗಿಲಿಗೆ ಕೀಲಿಕೈ ಬಡ್ಯೂ ಸಪ್ಪಳ. ಠಕ್, ಠಕ್, ಠಕ್. "ಸಾವ್ಕಾರ್ರ, ಚಿಲಕ ಇಲ್ಲೈತ್ರಿ. ಈ ಸಪ್ಪಳ ಹಿಡಕೊಂಡ ಬರ್ರಿ. ಗ್ವಾಡಿ ಬಿಡಬ್ಯಾಡ್ರಿ, ಜಾರತೈತಿ." ಆ ಠಕ್ ಠಕ್ ಹಿಂದ ಅಂಗೈ ಎಳಕೊಂತ ಹ್ವಾದೆ. ಚಿಲಕ ಸಿಕ್ತು. ಚಾಚಾ ಟಾವೆಲ್ ಸುತ್ತಿದ್ರು, ತಲಿ ಹಿಡದು ಕೊಡಗಟ್ಲೆ ನೀರು ಸುರುವಿದ್ರು. ಎಷ್ಟು ಹೊತ್ತೋ...

ಮಂಜು ಮಂಜಾಗಿ ಅವರ ಮಾರಿ ಕಂಡ್ತು. ಓಣಿ ಮಂದಿ ಬಾಗಿಲದಾಗ ನೆರದಿದ್ರು. ನನ್ನ ನಾಲಿಗಿ ಬಿಡಬೇಕಲ್ಲ! "ಹೆಂಗ ಹೆದರಿಸಿದೆ ಎಲ್ಲಾರ್ನೂ?" ಅಂದುಬಿಟ್ಟೆ.

ಚಾಚಾ ನಡಗೂ ನನ್ನ ಕೈ ನೋಡಿದ್ರು. ಅದರ ಮ್ಯಾಲ ಟಾವೆಲ್ ಸರಿಸಿ ಮುಚ್ಚಿ, "ಹೌದ್ರಿ, ಭಾಳ ಛಲೋ ನಾಟಕ," ಅಂದ್ರು. ಮರುದಿನ ಆ ಉದ್ದ ಹಿಡೀದ ನಳ ತಂದು ತಾವ ನಿಂತು ಕೂಡಿಸಿ ಹ್ವಾದ್ರು.

ಅವತ್ತಿನಿಂದ ನಾ ಮೊದಲ ನೀರು ಬಿಟ್ಟು, ಆಮ್ಯಾಲ ಚಿಲಕ ಹಾಕ್ತೇನಿ. ಚಾಚಾ ಹೋಗಿ ಭಾಳ ವರ್ಷ ಆತು. ಇದ್ದಾಗ ಎಷ್ಟು ಸಲ ಅವರ ಅಂಗಡ್ಯಾಗ ಕುಂತು ಚಹಾ ಕುಡದೇನಿ. ಖರೇ ಮಾತು ಒಂದು ಸಲಾನೂ ಬಾಯಿಗೆ ಬರ್ಲಿಲ್ಲ.

ಮೊನ್ನೆ ಚಾಚಾ ಕೂಡಿಸಿದ್ದ ಆ ನಳ ಅಂಗೈಯಾಗ ತೂಗಿ, ಮನೀ ಕೀಲಿಕೈಲೆ ಒಂದು ಏಟು ಕೊಟ್ಟೆ. ಠಣ್... ಇನ್ನೂ ಹಂಗ ಐತಿ. "ಚಾಚಾ, ಅದು ನಾಟಕ ಅಲ್ರಿ," ಅಂದೆ. 

"ಅಜ್ಜಾರ, ನಳದ ಕೂಡ ಮಾತಾಡಾಕತ್ತೀರಿ! ಮತ್ತೇನೋ ಆಟ ಹೂಡೀರಿ," ಅಂತ ಕೆಲಸದಾಂವ ನಕ್ಕ.

ಹೌದಪಾ ಅಂದೆ. ನಳ ಟಾವೆಲ್ಲಿನ್ಯಾಗ ಸುತ್ತಿಟ್ಟೆ.