ಅಣ್ಣ ನನ್ನ ಕೈಯಿಂದ ಇಸಿದುಕೊಂಡ ಮೈಕು

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಕೆಳತುಟಿ ಜುಮ್ಮೆಂದಿತು. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು ವೇದಿಕೆಯ ಕೆಳಗೆ ನಿಂತು, "ಆರಕ್ಕೆ ಶುರು ಮಾಡ್ತೀರೇನಮ್ಮ, ಇಲ್ಲಾ ಬರೀ ಹಲೋ ಹಲೋ ಅಂತಲೇ ಇರ್ತೀರೋ?" ಎಂದು ಕೇಳಿದ್ದರು. ನಾನು ಮೊಬೈಲ್ ನೋಡಿ, "ಇನ್ನೂ ಇಪ್ಪತ್ತು ನಿಮಿಷ ಐತಲ್ಲ ಸಾರ್" ಎಂದು ನಕ್ಕು, ಮೈಕನ್ನು ಬಾಯಿಯ ಹತ್ತಿರ ತಂದೆ. ಅದರ ಜಾಲರಿ ತುಟಿಗೆ ತಾಗಿತು. ಕಟ್ಟಿರುವೆ ಕಚ್ಚಿದ ಹಾಗಾಯಿತು.

ಅದು ಹೊಸದುರ್ಗದ ಹೊರಗೆ, ತೆಂಗಿನ ತೋಟಗಳ ನಡುವೆ ಇರುವ ಒಂದು ಕಲ್ಯಾಣ ಮಂಟಪದ ಬಯಲು. ಆರತಕ್ಷತೆಗೆ ನಮ್ಮ ಆರ್ಕೆಸ್ಟ್ರಾ. ನಾವು ಎಂಟು ಜನ, ಒಂದು ವ್ಯಾನು. ವಾರವಿಡೀ ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಶನಿವಾರ, ಭಾನುವಾರ ಮದುವೆಗಳಲ್ಲಿ ಹೆಣ್ಣು ದನಿಯ ಹಾಡುಗಳನ್ನು ಹಾಡುತ್ತಿದ್ದೆ. ಗಂಡು ದನಿ ಅಣ್ಣನದು. ನನಗೆ ರಕ್ತಸಂಬಂಧಿಯಲ್ಲ. ಒಂಬತ್ತು ವರ್ಷ ಪಕ್ಕದಲ್ಲಿ ನಿಂತು ಹಾಡಿದವರನ್ನು ಬೇರೆ ಏನೆಂದು ಕರೆಯಲಿ? ಐಮಂಗಲದ ಹತ್ತಿರದ ಹಳ್ಳಿಯವರು, ಕುರಿ ಸಾಕುವ ಮನೆಯವರು. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದುದು ಒಬ್ಬ ಮಹಾನ್ ಹಿನ್ನೆಲೆ ಗಾಯಕರ ಹೆಸರಿನ ಮುಂದೆ ಜೂನಿಯರ್ ಎಂದು ಸೇರಿಸಿ. ಕಣ್ಣು ಮುಚ್ಚಿ ಕೇಳಿದರೆ ಆ ಗಾಯಕರೇ ಬಂದು ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅಣ್ಣ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. "ನಮ್ ಯಜಮಾನ್ರು" ಎನ್ನುತ್ತಿದ್ದರು.

ತುಟಿ ಜುಮ್ಮೆಂದಾಗ ನಾನು ಹೆದರಲಿಲ್ಲ. ಬಯಲು ವೇದಿಕೆಯಲ್ಲಿ ಹಾಡುವವರಿಗೆ ಅದು ಹೊಸದಲ್ಲ. ಆದರೆ ಹತ್ತು ನಿಮಿಷದ ಹಿಂದೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬರುತ್ತಿದ್ದಾಗ, ನಮ್ಮ ಸೌಂಡಿನವನು ಪ್ಲಗ್ಗಿನಿಂದ ಅರ್ಥಿಂಗ್ ವೈರನ್ನು ಕಿತ್ತು ಪಕ್ಕಕ್ಕೆ ಮಡಚಿದ್ದನ್ನು ನಾನು ನೋಡಿದ್ದೆ. ಸದ್ದು ನಿಂತಿತ್ತು. ನಾವೆಲ್ಲ "ಹಾಂ, ಈಗ ಸರಿಯಾಯ್ತು" ಎಂದಿದ್ದೆವು. ನಾನೂ ಎಂದಿದ್ದೆ. ಎಷ್ಟು ಸಲ ಹಾಗೆ ಮಾಡಿಲ್ಲ, ಏನಾಗಿತ್ತು?

ಮುಂದಿನದನ್ನು ಹೇಳುವ ಮೊದಲು ವ್ಯಾನಿನ ಮಾತು ಹೇಳಬೇಕು. ಅದಿಲ್ಲದೆ ಅಣ್ಣ ಯಾರೆಂದು ತಿಳಿಯುವುದಿಲ್ಲ.

ನಮಗಿಬ್ಬರಿಗೂ ಒಂದೇ ಜಗಳ, ಹಿರಿಯೂರಿಗೆ ಹೋದರೂ ಅದೇ, ಚಿತ್ರದುರ್ಗಕ್ಕೆ ಹೋದರೂ ಅದೇ. ಈಗ ಇಷ್ಟು ಮೆರೆಯುತ್ತಿರುವ ಹಾಡುಗಾರರಲ್ಲಿ ಮುಂದಿನವರು ಯಾರನ್ನು ನೆನಪಿಟ್ಟುಕೊಳ್ಳುತ್ತಾರೆ? ನಾನು ಓದಿದ ಧೈರ್ಯದಲ್ಲಿ, ಎಲ್ಲವೂ ರೆಕಾರ್ಡ್ ಆಗಿದೆಯಲ್ಲ, ಎಲ್ಲರೂ ಉಳಿಯುತ್ತಾರೆ ಎನ್ನುತ್ತಿದ್ದೆ.

"ಮೇಡಮ್ಮೋರೆ, ಇರೋದೇ ಬೇರೆ, ಯಾರಾದ್ರೂ ಹುಡುಕ್ಕಂಡ್ ಬರೋದೇ ಬೇರೆ. ನಮ್ಮೂರ ಗುಡ್ಡದಾಗೆ ಕಲ್ಲೂ ಅವೆ. ಯಾವ ಕಲ್ಲಿಗೆ ಹೆಸ್ರೈತೆ ಹೇಳ್ರಿ" ಎನ್ನುತ್ತಿದ್ದರು ಅಣ್ಣ.

ಅವರ ಹತ್ತಿರ ಪುರಾವೆ ಇತ್ತು. ಕಾರ್ಯಕ್ರಮದ ನಡುವೆ ಜನ ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರಲ್ಲ, ಅದನ್ನೆಲ್ಲ ಅಣ್ಣ ಓದಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಒಬ್ಬ ಹಳೆಯ ಗಾಯಕರ ಹಾಡಿಗೆ ಒಂದೊಂದು ಸಂಜೆ ಹತ್ತು ಹನ್ನೆರಡು ಚೀಟಿ ಬರುತ್ತಿದ್ದವು. ಆಮೇಲೆ ಎರಡು. ಆಮೇಲೆ ಮುಂದಿನ ಸಾಲಿನಲ್ಲಿ ಕೂತ ತಾತ ಒಬ್ಬರೇ ಕೇಳುವುದು. "ಆ ತಾತ ಹೋದ್ರೆ ಆ ಹಾಡೂ ಹೋತು" ಎಂದು ಅಣ್ಣ ಚೀಟಿ ಮಡಚುತ್ತಿದ್ದರು. ಇನ್ನೊಂದು ಸಂಗತಿ ತೋರಿಸಿಕೊಟ್ಟವರೂ ಅವರೇ. ಚೀಟಿಗಳಲ್ಲಿ ಹಾಡಿದವರ ಹೆಸರು ಇರುತ್ತಲೇ ಇರಲಿಲ್ಲ. ಹೀರೋ ಹೆಸರು ಇರುತ್ತಿತ್ತು. ಇಲ್ಲದಿದ್ದರೆ "ಹೀರೋ ಸೈಕಲ್ ತಳ್ಕೊಂಡ್ ಹೋಗ್ತಾನಲ್ಲ, ಆ ಹಾಡು" ಎಂದಿರುತ್ತಿತ್ತು. ಹೆಣ್ಣು ದನಿಯ ಹಾಡಾದರಂತೂ ಅಷ್ಟೂ ಇಲ್ಲ. ಬರೆದವರು, ರಾಗ ಹಾಕಿದವರು, ಕೊಳಲು ನುಡಿಸಿದವರು, ಕೇಳಲೇಬೇಡಿ.

"ಹಂಗಾದ್ರೆ ಯಾರೂ ಉಳಿಯಲ್ಲ ಅನ್ರಿ" ಎಂದೆ ಒಮ್ಮೆ.

"ನಮ್ ಯಜಮಾನ್ರು ಉಳೀತಾರೆ."

"ಅವರಿಗೆ ಮಾತ್ರ ಯಾಕೆ ವಿನಾಯಿತಿ?"

"ನಾನಿದೀನಲ್ಲ!" ಎಂದರು. ವ್ಯಾನೆಲ್ಲ ನಕ್ಕಿತು. ಹಿಂದಿನ ಸೀಟಿನಿಂದ ಕೀಬೋರ್ಡಿನವನು, "ಯಜಮಾನ್ರನ್ನ ನೀನು ಉಳಿಸ್ತೀಯ, ನಿನ್ನ ಯಾರಣ್ಣ ಉಳಿಸೋರು?" ಎಂದ. ಅಣ್ಣ ತಿರುಗಿ, "ಲೇ, ನೀನು ಮೊದಲು ನಾಲ್ಕನೇ ಕಪ್ಪು ಮನೆ ಒತ್ತೋದು ಕಲಿ" ಎಂದರು.

ಒಂದು ಸಲ ಹಿರಿಯೂರಿನಲ್ಲಿ ನಿಶ್ಚಿತಾರ್ಥ. ಕಾಲೇಜು ಹುಡುಗಿಯೊಬ್ಬಳು ವೇದಿಕೆಯ ಹತ್ತಿರ ಬಂದು ಯಜಮಾನರ ಒಂದು ಹಾಡು ಕೇಳಿದಳು. ರೀಲ್ಸ್‌ನಲ್ಲಿ ಬರುತ್ತಲ್ಲ, ಅದು ಅಂದಳು. ಅಣ್ಣ ಹಿಗ್ಗಿ ಪಲ್ಲವಿಯಿಂದ ಶುರು ಮಾಡಿದರು. ಅವಳು ತಡೆದು, "ಅದಲ್ಲ ಅಂಕಲ್, ನಡುವಿನದು, ಅಷ್ಟೇ ಸಾಕು" ಎಂದಳು. ಅಷ್ಟನ್ನೇ ಹಾಡಿಸಿಕೊಂಡು, "ಇದು ಒರಿಜಿನಲ್ ಯಾರು ಹಾಡಿರೋದು?" ಎಂದು ಕೇಳಿದಳು. ಅಣ್ಣ ಹೇಳಿದರು. "ಓ" ಎಂದು ಹೋದಳು. ಅವತ್ತು ಐಮಂಗಲದಲ್ಲಿ ವ್ಯಾನಿನಿಂದ ಅಣ್ಣ ಇಳಿಯುವಾಗ, "ಹದಿನೈದು ಸೆಕೆಂಡಾದ್ರೂ ಉಳದೈತಲ್ಲ ಬಿಡ್ರಿ" ಎಂದರು.

ನಿಮ್ಮ ಸ್ವಂತ ದನಿಯಲ್ಲಿ ಒಂದು ಹಾಡಿ ಎಂದು ನಾನು ಎಷ್ಟೋ ಸಲ ಕಾಡಿದ್ದೇನೆ. ಒಮ್ಮೆ ಪ್ರಯತ್ನಪಟ್ಟರು. ಎರಡು ಸಾಲಿಗೆ ನಿಲ್ಲಿಸಿ, "ಯಾವ್ದು ನಂದು ಅಂತಲೇ ಗೊತ್ತಾಗ್ತಿಲ್ಲ ಕಣ್ರಿ" ಎಂದು ನಾಚಿಕೊಂಡರು.

ಅವರಿಗೆ ವೇದಿಕೆಯೆಂದರೆ ಗುಡಿ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುತ್ತಿದ್ದರು. ಸೌಂಡ್ ಪೆಟ್ಟಿಗೆಗೆ ಊದುಬತ್ತಿ ಬೆಳಗಿ, ವೇದಿಕೆಯ ಮೇಲೆಯೇ ಕಾಯಿ ಒಡೆದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಮೈಕು ಹಿಡಿಯುವುದು. ಉಳಿದವರೂ ಹಾಗೇ ಮಾಡುತ್ತಿದ್ದರು. ನಾನೊಬ್ಬಳು ಮಾಡುತ್ತಿರಲಿಲ್ಲ. ಹಿಮ್ಮಡಿ ಒಡೆದು ನೋಯುತ್ತಿತ್ತು, ಸೀರೆಯ ಕೆಳಗೆ ದಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡೇ ನಿಲ್ಲುತ್ತಿದ್ದೆ. "ಓದಿದೋರ ಕಾಲಿಗೆ ದೇವ್ರು ಕಾಣಲ್ಲ" ಎಂದು ಅಣ್ಣ ಪ್ರತಿ ಸಲವೂ ಹಂಗಿಸುವರು.

ಅವತ್ತೂ ಕಾಯಿ ಒಡೆದಾಗಿತ್ತು. ಕಾಯಿಯ ನೀರು ಹಲಗೆಯ ಮೇಲೆ ಹರಿದು, ಹಾಸಿದ್ದ ಕೆಂಪು ಜಮಖಾನೆ ಒದ್ದೆಯಾಗಿತ್ತು.

ನಮ್ಮಲ್ಲಿ ಎರಡು ಮೈಕು. ವೈರ್ ಇಲ್ಲದ್ದು ಅಣ್ಣನಿಗೆ, ವೈರ್ ಇರುವುದು ನನಗೆ. ತುಟಿ ಜುಮ್ಮೆಂದಾಗ ನಾನು ಮೈಕನ್ನು ದೂರ ಹಿಡಿದು, "ಅಣ್ಣ, ಇದು ಕಚ್ತೈತೆ" ಎಂದೆ. ತಮಾಷೆಯಾಗಿಯೇ ಹೇಳಿದೆ. ಸೌಂಡಿನವನಿಗೆ ಹೇಳಬೇಕಿತ್ತು. ಅಣ್ಣನಿಗೆ ಹೇಳಿದೆ.

"ಕೊಡ್ರಿ ಇಲ್ಲಿ, ನಿಮಗೆ ಎಲ್ಲವೂ ಕಚ್ತವೆ" ಎಂದು ತಮ್ಮದನ್ನು ನನ್ನ ಕೈಗಿಟ್ಟು, ನನ್ನದನ್ನು ತೆಗೆದುಕೊಂಡರು. ನಾಲ್ಕು ಹೆಜ್ಜೆ ಮುಂದೆ ಹೋದರು. ಎಡಗೈಯಲ್ಲಿ ಸ್ಪೀಕರಿನ ಕಬ್ಬಿಣದ ಸ್ಟ್ಯಾಂಡು ಹಿಡಿದುಕೊಂಡು "ಹಲೋ" ಎಂದರು. ಯಜಮಾನರ ದನಿಯಲ್ಲಿಯೇ.

ಆಮೇಲಿನದನ್ನು ಮನಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಣ್ಣನ ತಲೆ ಹಿಂದಕ್ಕೆ ಹೋಯಿತು. ಭುಜ ಅದುರಿತು. ಬೆರಳು ಮೈಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು. ಎತ್ತರದ ಸ್ವರ ಹಿಡಿಯುವಾಗ ಅವರು ಹೀಗೆಯೇ ಮಾಡುತ್ತಿದ್ದರು. ಅದಕ್ಕೇ ಮುಂದಿನ ಕುರ್ಚಿಗಳಲ್ಲಿ ಕೂತಿದ್ದ ಇಬ್ಬರು ಮೂವರು ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹೊಡೆದರು. ನಾನೂ ನಗುತ್ತಿದ್ದೆ. ಎರಡು ಸೆಕೆಂಡೋ ಮೂರು ಸೆಕೆಂಡೋ ನಾನು ನಗುತ್ತ ನಿಂತಿದ್ದೆ. ದನಿ ಬರುತ್ತಿಲ್ಲವಲ್ಲ ಎಂದು ಹೊಳೆದಾಗ ಕೈ ಚಾಚಿದೆ. ನನ್ನ ಬೆರಳಿಗೂ ಅವರ ತೋಳಿಗೂ ಗೇಣು ದೂರವಿತ್ತು. "ಮುಟ್ಟಬ್ಯಾಡ, ಮುಟ್ಟಬ್ಯಾಡ" ಎಂದು ಸೌಂಡಿನವನು ಕಿರುಚುತ್ತ ಜನರೇಟರಿನ ಕಡೆಗೆ ಓಡಿದ. ಲೈಟು ಆರಿದವು. ಅಣ್ಣ ಬಿದ್ದರು. ಬಿದ್ದ ಮೇಲೂ ಮೈಕು ಕೈಯಲ್ಲಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ವ್ಯಾನಿನಲ್ಲಿ ಅವರ ಪಾದ ನನ್ನ ಮಡಿಲಲ್ಲಿತ್ತು. ಅಂಗಾಲು ಇನ್ನೂ ಒದ್ದೆಯಾಗಿತ್ತು. ಅವರ ಪ್ರಾಣ ದಾರಿಯಲ್ಲಿಯೇ ಹೋಗಿತ್ತೆಂದು ಆಮೇಲೆ ಹೇಳಿದರು.

ಮಾರನೆಯ ದಿನ ಅವರ ಊರಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅದರ ಮೇಲೂ ಜೂನಿಯರ್ ಎಂದೇ ಬರೆದು ದೊಡ್ಡ ಗಾಯಕರ ಹೆಸರು ಹಾಕಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಕೆಳಗೆ ಚಿಕ್ಕದಾಗಿ ಕಂಸದಲ್ಲಿತ್ತು. ಶ್ರದ್ಧಾಂಜಲಿಗೆಂದು ಯಾರೋ ಸ್ಪೀಕರಿನಲ್ಲಿ ಆ ದೊಡ್ಡ ಗಾಯಕರ ಹಾಡು ಹಾಕಿದರು. ಮಣ್ಣು ಹಾಕುವಾಗಲೂ ಆ ಗಾಯಕರ ದನಿಯೇ ಕೇಳುತ್ತಿತ್ತು. ಮೊಬೈಲಿನಲ್ಲಿ ಅಣ್ಣನ ವಿಡಿಯೋಗಳನ್ನು ಹುಡುಕಿದೆ. ಕೆಳಗೆ ಜನ ಬರೆದದ್ದು ಒಂದೇ ಮಾತು, ಸೇಮ್ ಟು ಸೇಮ್. ಅವರಿಗೆ ಬೇಕಾಗಿದ್ದೂ ಅದೇ ಮಾತಾಗಿತ್ತು ಎಂದು ನನಗೆ ಗೊತ್ತು. ಆದರೂ ಮುಂದೆ ಓದಲಾಗದೆ ಮೊಬೈಲ್ ಮುಚ್ಚಿಟ್ಟೆ.

ವಿಚಾರಣೆಯಲ್ಲಿ ಅರ್ಥಿಂಗ್ ವೈರಿನ ಮಾತು ಬಂತು. ಒದ್ದೆ ನೆಲದ ಮಾತು ಬಂತು. ಮೈಕು ಬದಲಾದ ಮಾತು ಯಾರೂ ಎತ್ತಲಿಲ್ಲ. ಯಾರೂ ಅದನ್ನು ಗಮನಿಸಿರಲಿಲ್ಲ. ನಾನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ನಿದ್ದೆ ಎಂಬುದು ಕಣ್ಣಿನ ಮೇಲೆ ಬಂದು ಕೂತು ಎದ್ದು ಹೋಗುವಂಥದ್ದಾಯಿತು. ಬೆರಳು ಬಿಗಿಯುವುದು ಕಾಣುತ್ತಿತ್ತು, ಎದ್ದು ಕೂರುತ್ತಿದ್ದೆ. ಸ್ವಿಚ್ ಮುಟ್ಟಲಾರದವಳಾದೆ. ಅಮ್ಮನೇ ಬಂದು ಲೈಟು ಆರಿಸಬೇಕಿತ್ತು. ಕಾಲೇಜಿನ ಸಮಾರಂಭದಲ್ಲಿ ನಿರೂಪಣೆಗೆಂದು ಮೈಕು ಚಾಚಿದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ವಿದ್ಯಾರ್ಥಿಗಳು ಅದನ್ನು ನಾಚಿಕೆ ಎಂದುಕೊಂಡರು.

ಹೀಗೆ ಐದು ತಿಂಗಳು. ಒಂದು ಭಾನುವಾರ ಬೆಳಿಗ್ಗೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಹಿರಿಯೂರಿನ ಬಸ್ಸು ಹತ್ತಿ ಐಮಂಗಲದಲ್ಲಿ ಇಳಿದೆ. ಅಲ್ಲಿಂದ ಅಣ್ಣನ ಊರಿಗೆ ಆಟೋ. ಅತ್ತಿಗೆ, ಎಂದರೆ ಅಣ್ಣನ ಹೆಂಡತಿ, ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. "ಬರ್ರಿ, ಕುಂತ್ಕಳ್ರಿ, ಬಿಸ್ಲಾಗೆ ಬಂದೀರಿ" ಎಂದು ನೀರು ತಂದುಕೊಟ್ಟರು. ಆ ನೀರು ಕುಡಿದರೆ ಮತ್ತೆ ಬಾಯಿ ಬರುವುದಿಲ್ಲ ಅನ್ನಿಸಿ ಚೊಂಬನ್ನು ಕೆಳಗಿಟ್ಟೆ.

"ಅತ್ತಿಗೆ, ಆ ಮೈಕು ನಂದು."

ಅವರಿಗೆ ಅರ್ಥವಾಗಲಿಲ್ಲ. ತುಟಿ ಜುಮ್ಮೆಂದದ್ದು, ಕಚ್ತೈತೆ ಎಂದದ್ದು, ಅಣ್ಣ ಇಸಿದುಕೊಂಡದ್ದು, ಎಲ್ಲ ಹೇಳಿದೆ. ನಕ್ಕದ್ದನ್ನೂ ಹೇಳಿದೆ. ಅವರು ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನೀನು ಕೊಟ್ಟ್ಯೋ, ಅವ್ರೇ ಇಸ್ಕಂಡ್ರೋ?"

"ಅವರೇ ಇಸ್ಕೊಂಡ್ರು. ನಾನು ಕೊಡಲ್ಲ ಅನ್ನಲಿಲ್ಲ."

"ಕಾಲಾಗೆ ಚಪ್ಲಿ ಇತ್ತಾ ನಿನಗೆ?"

"ಇತ್ತು."

"ಬದುಕ್ಕಂಡೆ" ಎಂದರು. ಸೊಪ್ಪಿನ ಗಂಟು ಬಿಗಿದು, "ಅವತ್ತೇ ಯಾಕೆ ಬಾಯಿ ಬಿಡಲಿಲ್ಲ?"

"ಹೆದರಿಕೆ ಆಯ್ತು."

"ಈಗ ಹೋತಾ ಹೆದರಿಕೆ?"

"ಅಣ್ಣನ್ನ ಜನ ಮರೆಯಲ್ಲ ಅತ್ತಿಗೆ" ಎಂದುಬಿಟ್ಟೆ. ಸಾವಿನ ಮನೆಯಲ್ಲಿ ಎಲ್ಲರೂ ಆಡುವ ಮಾತು.

ಅವರು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. "ಜನದ ಮಾತು ಬ್ಯಾಡ. ಈ ಕುರಿ ನೋಡು. ಅವ್ರು ಒಂದ್ಸಲ ಕೂಗಿದ್ರೆ ಅಷ್ಟೂ ತಿರುಗೋವು. ಹೋದ ಮ್ಯಾಲೆ ಎಂಟು ದಿನ ನಾನ್ ಕೂಗಿದ್ರೆ ನನ್ ಮುಖ ನೋಡಿ ನಿಂತ್ಕಂಬೋವು, ಆಮ್ಯಾಲೆ ದಾರಿ ಕಡೆ ನೋಡೋವು. ಎಂಟೇ ದಿನ. ಈಗ ನಾನ್ ಕೂಗಿದ್ರೆ ಬತ್ತವೆ." ಒಂದು ಮರಿಯನ್ನು ಪಕ್ಕಕ್ಕೆ ಸರಿಸಿದರು. "ಅವುಕ್ಕೇನಂಬಾಣ? ನನಗೇ ಆ ಕೂಗು ಹೆಂಗಿತ್ತು ಅಂತ ನೆಪ್ಪಾಗವಲ್ದು. ಮೊಬೈಲ್ ಹಾಕಿದ್ರೆ ಆ ದೊಡ್ಡೋರು ಹಾಡ್ತಾರೆ. ನನ್ ಗಂಡ ಎಲ್ಲವ್ರೆ ಅದ್ರಾಗೆ?"

ನಾನು ಅಳತೊಡಗಿದೆ. ಅವರು ಅಳಲಿಲ್ಲ.

"ಹೇಳಿ ಹಗುರಾದೆ. ಒಳ್ಳೇದಾತು. ಇನ್ನು ನನ್ ಕಣ್ಮುಂದೆ ಬರಬ್ಯಾಡ ತಾಯಿ. ನಿನ್ನ ನೋಡಿದ್ರೆ ನನಗೆ ಚಪ್ಲಿ ಕಾಣ್ತೈತೆ. ಹೊತ್ತಾಗ್ತೈತೆ, ಬಸ್ ಹಿಡಿ, ಹೋಗು."

ಆಟೋ ಇರಲಿಲ್ಲ. ಹೆದ್ದಾರಿಯವರೆಗೂ ನಡೆದೆ. ಹಿಂದಿನಿಂದ ಅವರು ಕುರಿಗಳನ್ನು ಕೂಗುವುದು ಕೇಳಿಸಿತು. ತಿರುಗಿ ನೋಡಲಿಲ್ಲ.

ಮನೆಗೆ ಬಂದು, ಊಟ ಬೇಡವೆಂದು ಹಾಸಿಗೆಗೆ ಒರಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಇಳಿದು ಗೋಡೆಯ ಅರ್ಧಕ್ಕೆ ಬಂದಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಎಬ್ಬಿಸೋಕೆ ಮನಸ್ಸಾಗಲಿಲ್ಲ ಕಣೆ, ಎಷ್ಟು ದಿನಕ್ಕೆ ಮಲಗಿದೀಯ" ಎಂದು ಕಣ್ಣೊರೆಸಿಕೊಂಡಳು. ಐದು ತಿಂಗಳಲ್ಲಿ ಮೊದಲ ಸಲ ನಾನು ಬೆಳಗಿನ ತನಕ ನಿದ್ದೆ ಮಾಡಿದ್ದೆ. ಕನಸೂ ಬಿದ್ದಿರಲಿಲ್ಲ. ಹಾಸಿಗೆಯಲ್ಲಿ ಹಾಗೇ ಕೂತು, ಆ ರಾತ್ರಿ ಅತ್ತಿಗೆ ಎಷ್ಟು ಹೊತ್ತಿಗೆ ಮಲಗಿರಬಹುದು ಎಂದು ಯೋಚಿಸಿದೆ.